ಸುಣ್ಣಕಟ್ಟು ಕಾಡಿಗೆ ಹೋದದ್ದು

ಈ ಸಭೆಯ ಅಧ್ಯಕ್ಷರೇ, ಮಾಂಬಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಮುಖ್ಯ ಅತಿಥಿಗಳ ಕುರ್ಚಿಯಲ್ಲಿ ಈಗ ತಾನೇ ಕುಳಿತಿರುವ ನನ್ನ ಹಳೆಯ ರೇಂಜರು ಶ್ರೀ ಗುರುಮಲ್ಲಪ್ಪನವರೇ, ಹನೂರು ವಲಯದ ಅಧಿಕಾರಿ ಬಂಧುಗಳೇ, ಗಾರ್ಡುಗಳೇ, ವಾಚರುಗಳೇ, ಕೊಳ್ಳೇಗಾಲದ ಮಹಾಜನರೇ, ತಾಯಂದಿರೇ, ಸಭಿಕರೇ,

ಮೂವತ್ತಮೂರು ವರ್ಷ ನಾನು ಕಾಡಿನಲ್ಲಿ ಕೆಲಸ ಮಾಡಿದವನು. ಮರಗಳ ಮುಂದೆ ಎಷ್ಟು ಮಾತಾಡಿದರೂ ಅವು ಕೈಗಡಿಯಾರ ನೋಡುವುದಿಲ್ಲ. ಮನುಷ್ಯರ ಮುಂದೆ ಮಾತಾಡುವ ರೂಢಿ ನನಗಿಲ್ಲ. ಅಧ್ಯಕ್ಷರು ಹತ್ತು ನಿಮಿಷ ಕೊಟ್ಟಿದ್ದಾರೆ. ಮೀರಿದರೆ ದಯವಿಟ್ಟು ನನ್ನ ಅಂಗಿ ಎಳೆಯಬೇಕು.

ನಾನು ಕೆಲಸಕ್ಕೆ ಸೇರಿದಾಗ ಈ ಕೊಳ್ಳೇಗಾಲ ಮದ್ರಾಸು ಪ್ರಾಂತ್ಯದಲ್ಲಿತ್ತು. ನಮ್ಮ ಕಚೇರಿಯ ಕಾಗದಗಳು ಕೊಯಮತ್ತೂರಿಗೆ ಹೋಗುತ್ತಿದ್ದವು. ಸಂಬಳದ ದಿನ ತಮಿಳಿನಲ್ಲಿ ಬೈಸಿಕೊಂಡು ಕನ್ನಡದಲ್ಲಿ ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಐವತ್ತಾರರ ನವೆಂಬರಿನಲ್ಲಿ ಒಂದು ರಾತ್ರಿ ಮದ್ರಾಸಿನವನಾಗಿ ಮಲಗಿದೆ, ಬೆಳಿಗ್ಗೆ ಮೈಸೂರಿನವನಾಗಿ ಎದ್ದೆ. ಹೋದ ವರ್ಷ ಅದೇ ಚಾಪೆಯ ಮೇಲೆ ಕರ್ನಾಟಕದವನಾದೆ. ಒಂದು ಹೆಜ್ಜೆಯನ್ನೂ ಎತ್ತಿಡದೆ ಮೂರು ರಾಜ್ಯ ಸುತ್ತಿದವರು ನಮ್ಮ ಇಲಾಖೆಯಲ್ಲಿ ಬಹಳ ಮಂದಿ ಇದ್ದಾರೆ.

ಈಗ ಓದಿದ ಮಾನಪತ್ರದಲ್ಲಿ ಒಂದು ವಾಕ್ಯವಿದೆ. "ಪರಸ್ಥಳದಿಂದ ಬಂದ ಕೀಟವನ್ನು ಶಿಲೀಂಧ್ರದ ಮೂಲಕ ನಿವಾರಿಸಿ, ಒಡೆಯರಪಾಳ್ಯದ ತೇಗದ ತೋಪನ್ನು ಉಳಿಸಿದ ಶ್ರೀ ಶಿವನಂಜಯ್ಯನವರು" ಎಂದು ಬರೆದಿದ್ದಾರೆ. ಬರೆದವರ ಪ್ರೀತಿ ದೊಡ್ಡದು. ಆದರೆ ಶಿಲೀಂಧ್ರ ಎಂಬ ಮಾತೇ ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಕಡೆ ಅದಕ್ಕೆ ಬೂಷ್ಟು ಎನ್ನುತ್ತಾರೆ. ಇನ್ನು ತೋಪನ್ನು ಉಳಿಸಿದವನು ನಾನೇ? ಆ ಒಂದು ವಾಕ್ಯವನ್ನು ತಿದ್ದದೆ ಈ ಶಾಲನ್ನು ಮನೆಗೆ ಒಯ್ಯಲು ನನಗೆ ಮನಸ್ಸಾಗುತ್ತಿಲ್ಲ. ಅದಕ್ಕೇ ಎದ್ದು ನಿಂತಿದ್ದೇನೆ.

ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿ. ಈಗ ಟಿಬೆಟಿನವರು ಬಂದು ಮನೆ ಕಟ್ಟಿಕೊಳ್ಳುತ್ತಿದ್ದಾರಲ್ಲ, ಆ ಒಡೆಯರಪಾಳ್ಯದಿಂದ ಒಳಗೆ, ಹಳ್ಳದ ಎರಡೂ ದಡದಲ್ಲಿ ನಮ್ಮ ತೇಗದ ತೋಪು. ಏಳು ವರ್ಷದ ಮರಗಳು. ಆ ವರ್ಷ ಮಳೆಗಾಲದ ಆರಂಭದಲ್ಲಿ ಎಲೆಗಳ ಮೇಲೆ ಒಂದು ಕಂಬಳಿಹುಳು ಕಾಣಿಸಿತು. ಕಪ್ಪು ಮೈ, ಬೆನ್ನಿನ ಮೇಲೆ ಎರಡು ಹಳದಿ ಗೆರೆ. ಎಲ್ಲಿಂದ ಬಂತು? ದೂರದ ನರ್ಸರಿಯಿಂದ ಹೊಸದಾಗಿ ನೆಡಲು ಲಾರಿಯಲ್ಲಿ ತೇಗದ ಬೇರುತುಂಡುಗಳು ಬಂದಿದ್ದವು, ಅದರ ಜೊತೆ ಬಂದಿರಬೇಕು ಎಂದು ನಮ್ಮ ಊಹೆ. ಜನ ಅದಕ್ಕೆ "ಲಾರಿ ಹುಳ" ಎಂದೇ ಹೆಸರಿಟ್ಟರು. ನಮ್ಮ ಕಾಡಿನ ಹಕ್ಕಿಗಳಿಗೆ ಅದರ ಗುರುತಿಲ್ಲ, ಮುಟ್ಟುತ್ತಿರಲಿಲ್ಲ. ಒಂದೂವರೆ ತಿಂಗಳಲ್ಲಿ ಇಡೀ ತೋಪು ಬೇಸಿಗೆಯಂತೆ ಬೋಳಾಗುತ್ತ ಬಂತು. ಎಲೆ ಮುಗಿದ ಕಡೆ ಹುಳುಗಳು ಇಳಿದು, ಸಾಲುಗಟ್ಟಿ ಹೊರಟು, ಪಕ್ಕದ ಕಾಡಿನ ಮತ್ತಿ, ನೆಲ್ಲಿ ಮರಗಳಿಗೆ ಹತ್ತಿದವು. ತೋಪು ಸರ್ಕಾರದ್ದು, ಇನ್ನೊಮ್ಮೆ ನೆಡಬಹುದು. ಕಾಡನ್ನು ಯಾರು ನೆಡುತ್ತಾರೆ?

ಮೇಲಿನಿಂದ ಹುಕುಂ ಬಂತು, ಹುಳು ಕೊಲ್ಲುವ ವಿಷದ ಪುಡಿ ಎರಚಿ ಎಂದು. ಮೂಟೆಗಳು ಬಂದು ಹನೂರಿನ ಕಚೇರಿಯ ಹಿಂದೆ ಬಿದ್ದವು. ಅದರ ನಾತಕ್ಕೆ ನಾವು ಅತ್ತ ಕಡೆ ಕಿಟಕಿ ತೆರೆಯುತ್ತಿರಲಿಲ್ಲ. ನಮ್ಮ ವಾಚರ್ ಚಿಕ್ಕಮಾದಯ್ಯ, ಕಾಡಿನ ಅಂಚಿನಲ್ಲೇ ಹುಟ್ಟಿ ಬೆಳೆದವನು, ಒಂದು ದಿನ ನನ್ನನ್ನು ಕರೆದು ಹೇಳಿದ: "ಸಾ, ನರ್ಸರೀಲಿ ಒಂದ್ ಸೇರು ಎರಚಿ ನೋಡುದ್ರು. ಹುಳ ಸತ್ತೋ, ನಿಜ. ಮೂರ್ನೇ ದಿನ ಜೇನೂ ಉದುರ್ದೋ. ಹಳ್ಳದ ನೀರ ದನ ಕುಡೀತಾವೆ ಸಾ. ನೋಡ್ಕಳಿ."

ನಾನು ನೋಡಿಕೊಂಡು ಏನು ಮಾಡಲಿ? ನಾನು ಬರೀ ಫಾರೆಸ್ಟರು.

ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ ಹಳ್ಳದ ಕೆಳಗಿನ ಮಗ್ಗುಲಿಗೆ ಹೋಗಿದ್ದೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ಸದಾ ಥಂಡಿ. ಒಂದು ಮರದ ಕಡ್ಡಿಗಳ ಮೇಲೆ ಹತ್ತಾರು ಹುಳುಗಳು ಅಂಟಿಕೊಂಡಂತೆಯೇ ಸತ್ತಿದ್ದವು. ಕಪ್ಪು ಹುಳು ಬೆಳ್ಳಗಾಗಿತ್ತು. ಸುಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದಂತೆ. ಮುಟ್ಟಿದರೆ ಕಡ್ಡಿಯ ಹಾಗೆ ಗಟ್ಟಿ, ಬೆರಳಿಗೆ ಬಿಳಿ ಹಿಟ್ಟು. ರೇಂಜರಿಗೆ ತೋರಿಸೋಣವೆಂದು ಮೂರು ಹುಳುಗಳನ್ನು ತೇಗದ ಎಲೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಹಾಕಿಕೊಂಡು ನೇರವಾಗಿ ಮಧುವನಹಳ್ಳಿಗೆ, ಅಕ್ಕನ ಮನೆಗೆ ಬಂದೆ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಅವಳ ಹೆಸರು ಪುಟ್ಟಮಾದಮ್ಮ. ಈ ಸಭೆಗೆ ಬಂದಿಲ್ಲ, ಯಾಕೆ ಬಂದಿಲ್ಲವೆಂದು ಆಮೇಲೆ ಹೇಳುತ್ತೇನೆ. ನಮ್ಮ ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಅದೇ ವರ್ಷ ಅವಳ ಮದುವೆಯಾಗಿತ್ತು. ಗಂಡನ ಮನೆಗೆ ಹೊರಟವಳು ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಹೊರಟಳು. ಭಾವ ಇನ್ನೊಂದು ಚಾಪೆ ತಂದು ಹಾಸಿದರು. ಅಂಥವರು ಬಹಳ ದಿನ ಬದುಕಲಿಲ್ಲ. ಆಮೇಲೆ ಆ ಮನೆ ನಡೆದದ್ದು ರೇಷ್ಮೆಹುಳುವಿನಿಂದ. ನಾನು ಮದುವೆಯಾಗಲಿಲ್ಲ. ಯಾಕೆಂದು ಬಹಳ ಜನ ಕೇಳಿದ್ದಾರೆ. ಕಾಡು ಕಾಡು ಅಲೆಯುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಗಿಸಿ ತಪ್ಪಿಸಿಕೊಂಡಿದ್ದೇನೆ. ಅಂತೂ ನನಗೆ ಮನೆ ಎಂದರೆ ಅದೊಂದೇ.

ರೇಷ್ಮೆ ಸಾಕಿದವರು ಇಲ್ಲಿ ಅರ್ಧ ಜನ ಇದ್ದೀರಿ. ನಾಲ್ಕನೆಯ ಜ್ವರ, ಅಂದರೆ ಕೊನೆಯ ಪೊರೆ, ಕಳಚಿ ಎದ್ದ ಹುಳುಗಳಿಗೆ ಸೊಪ್ಪು ಹಾಕಿದಾಗ ಮನೆ ತುಂಬ ಒಂದು ಸದ್ದು ಏಳುತ್ತದಲ್ಲ, ಹೆಂಚಿನ ಮೇಲೆ ಸಣ್ಣ ಮಳೆ ಬಂದಂತೆ? ಆ ಸದ್ದು ಕೇಳುತ್ತ ನಾನು ಓದಿದೆ, ಆ ಸದ್ದು ಕೇಳುತ್ತ ನಿದ್ದೆ ಮಾಡಿದೆ. ಕಾಡಿನಲ್ಲಿ ಒಬ್ಬನೇ ಮಲಗಿದಾಗ ನಿಜವಾದ ಮಳೆ ಬಂದರೂ ಅಕ್ಕ ಸೊಪ್ಪು ಹಾಕುತ್ತಿದ್ದಾಳೆ ಎಂದೇ ಅರೆನಿದ್ದೆಯಲ್ಲಿ ಅನ್ನಿಸುತ್ತಿತ್ತು.

ಆ ದಿನವೂ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಅರವತ್ತು ತಟ್ಟೆ. ಅಕ್ಕನ ಮಗಳು ಮಹಾಲಕ್ಷ್ಮಿಯ ಮದುವೆ ಆ ಬೆಳೆಯ ಮೇಲೆ ನಿಂತಿತ್ತು. ನಾನು ಮಳೆಯಲ್ಲಿ ನೆನೆದು, ಹಸಿದು ಬಂದೆ. ಅಕ್ಕ ಒಲೆಯ ಮುಂದೆ ಇದ್ದಳು.

"ಕೈಕಾಲು ತೊಳ್ಕಂಡ್ಯೇನ್ಲಾ ನಂಜ?"

"ಊ ಕಣಕ್ಕ, ತೊಳ್ಕಂಡೆ."

ಮುದ್ದೆ ಇಕ್ಕಿದಳು, ಉಂಡೆ. ಉಂಡು ಎದ್ದವನು ಚಿಕ್ಕಂದಿನ ಅಭ್ಯಾಸದಂತೆ ಸೊಪ್ಪಿನ ಬುಟ್ಟಿ ತೆಗೆದುಕೊಂಡು ತಟ್ಟೆಗಳಿಗೆ ಸೊಪ್ಪು ಹರಡುತ್ತ ಹೋದೆ. ಒಂದಲ್ಲ, ಎರಡಲ್ಲ, ಒಂದು ಗೋಡೆಯ ಉದ್ದಕ್ಕೂ. ಒದ್ದೆ ಅಂಗಿಯನ್ನು ಗೂಟಕ್ಕೆ ಹಾಕಿ, ಅಲ್ಲಿದ್ದ ಒಣ ಅಂಗಿ ತೊಟ್ಟು ಹನೂರಿಗೆ ಹೊರಟೆ. ಜೇಬಿನ ಹುಳುಗಳ ನೆನಪೇ ಇರಲಿಲ್ಲ.

ಸಭಿಕರೇ, ನಾನು ಕೈಕಾಲು ತೊಳೆದಿರಲಿಲ್ಲ.

ಏಳನೆಯ ದಿನ ಅಕ್ಕ ಹೇಳಿ ಕಳಿಸಿದಳು. ಹೋದೆ. ಮನೆಯಲ್ಲಿ ಸದ್ದಿಲ್ಲ. ಅರವತ್ತು ತಟ್ಟೆಯಲ್ಲೂ ಹುಳುಗಳು ಸುಣ್ಣದ ಕಡ್ಡಿಗಳಾಗಿ ಬಿದ್ದಿದ್ದವು. ಆ ರೋಗದ ಹೆಸರು ನಿಮಗೆ ನಾನು ಹೇಳಬೇಕೆ? ಸುಣ್ಣಕಟ್ಟು. ಆ ಹೆಸರನ್ನು ಹುಳುವಿನ ಮನೆಯಲ್ಲಿ ಬಾಯಿ ಬಿಟ್ಟು ಹೇಳುವುದೂ ಇಲ್ಲ. ಮಹಾಲಕ್ಷ್ಮಿ ಮೂಲೆಯಲ್ಲಿ ಕುಳಿತು ಅಳುತ್ತಿದ್ದಳು. ಅಕ್ಕ ಅಳುತ್ತಿರಲಿಲ್ಲ. ಅವಳ ಮುಂದೆ ಮೊರದಲ್ಲಿ ತೇಗದ ಎಲೆ ಬಿಚ್ಚಿ ಇಟ್ಟಿತ್ತು. ನನ್ನ ಅಂಗಿ ಒಗೆಯಲು ತೆಗೆದಾಗ ಸಿಕ್ಕಿತ್ತು. ಅದರ ಪಕ್ಕದಲ್ಲಿ ತನ್ನ ತಟ್ಟೆಯ ಒಂದು ಸತ್ತ ಹುಳುವನ್ನು ಇಟ್ಟಿದ್ದಳು.

"ಇದೆಲ್ಲಿ ಸಿಕ್ತು?" ಎಂದಳು.

ಹೇಳಿದೆ. ತೋಪು, ಲಾರಿ ಹುಳು, ಹಳ್ಳದ ಥಂಡಿ, ಪುಡಿಯ ಮೂಟೆ, ಎಲ್ಲವನ್ನೂ ಹೇಳಿದೆ. ಕೈ ತೊಳೆಯದ ಒಂದು ಮಾತನ್ನು ಬಿಟ್ಟು.

ಬಹಳ ಹೊತ್ತು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. "ಇದು ಅದೇ ಕಣ್ಲಾ. ನಮ್ ಹುಳಾನೂ ಕೊಲ್ತದೆ, ಆ ಮುಂಡೇದ್ನೂ ಕೊಲ್ತದೆ. ಮತ್ತೆ ಮಿಕ್ಕ ತೋಪಲ್ಲಿ ಯಾಕೆ ಸಾಯ್ನಿಲ್ಲ?"

"ಗೊತ್ತಿಲ್ಲಕ್ಕ."

"ನಂಗೊತ್ತು. ಮೇಲ್ಗಡೆಗೆ ಬಿಸ್ಲು, ಗಾಳಿ. ಇದ್ಕೆ ಬಿಸ್ಲಾಗಕಿಲ್ಲ. ಇದ್ಕೆ ಥಂಡಿ ಬೇಕು, ಹುಳ ಒತ್ತೊತ್ತಾಗಿರ್ಬೇಕು. ಮೂವತ್ತು ವರ್ಷ ಇದ್ರ ಕೂಟೆ ಗುದ್ದಾಡಿವ್ನಿ ಕಣ್ಲಾ, ಇದ್ರ ಗುಣ ನಂಗೊತ್ತಿಲ್ದೆ ಇನ್ಯಾರ್ಗೆ ಗೊತ್ತು?"

ಆ ಮೇಲೆ ಅವಳು ಮಾಡಿದ್ದನ್ನು ಕೇಳಿ. ಸುಣ್ಣಕಟ್ಟು ಬಂದ ಮನೆಯವರು ಏನು ಮಾಡುತ್ತಾರೆ? ಹುಳುಗಳನ್ನು ಸುಟ್ಟು, ಸುಣ್ಣ ಹಾಕಿ ಹೂಳುತ್ತಾರೆ. ಅಕ್ಕ ನಲವತ್ತು ತಟ್ಟೆಯನ್ನು ಹಾಗೆಯೇ ಹೂಳಿಸಿದಳು. ಇಪ್ಪತ್ತು ತಟ್ಟೆಯ ಹುಳುಗಳನ್ನು ಊರಾಚೆ ಪಾಳುಬಿದ್ದ ನಮ್ಮ ಕಣದ ಗುಡಿಸಿಲಿಗೆ ಹೊತ್ತು, ನೆರಳಿನಲ್ಲಿ ಒಣಗಿಸಿ, ಹಳೆಯ ಪಂಚೆಯ ಗಂಟುಗಳಲ್ಲಿ ಕಟ್ಟಿ ನನಗೆ ಕೊಟ್ಟಳು. ಮಗಳ ಮದುವೆಯನ್ನು ಕೊಂದ ಹುಳುಗಳು ಅವು.

"ತಕಂಡೋಗು. ಸುಣ್ಣ, ಬೂದಿ ಸೋಕುಸ್ಬೇಡ, ಬೂಷ್ಟು ಸತ್ತೋಯ್ತದೆ. ಮಳೆ ಬಂದ ಮಾರ್ನೆ ದಿನ, ಬಿಸ್ಲು ಏರಾಕೆ ಮುಂಚೆ ಗಂಟ್ನ ಕೊಂಬೆಗೆ ಬಡಿ. ಆ ಹುಳಗಳ್ನ ಒಂದಷ್ಟು ಇಡ್ಕಂಡು ಬುಟ್ಟೀಲಿ ಇದ್ರ ಜೊತೆ ಎರಡ್ ದಿನ ಮುಚ್ಚಿಕ್ಕಿ, ಆಮೇಲೆ ಮರಕ್ಕೆ ಬುಡು. ಅವೇ ಓಗಿ ಹಂಚ್ತವೆ."

ಗಂಟುಗಳನ್ನು ಹೊತ್ತು ನಾನು ಹೊರಡುವಾಗ ಇನ್ನೊಂದು ಮಾತು ಹೇಳಿದಳು. "ಇದು ಮುಗಿಯೋಗಂಟ ನೀನು ಈ ಬೀದಿಗೆ ಕಾಲಿಕ್ಬೇಡ. ನಮ್ಮನೆ ಒಂದೇ ಅಲ್ಲ, ಸಾಲು ಮನೇಲೆಲ್ಲ ಹುಳ ಅವೆ."

ನಾನು ತಲೆಯಾಡಿಸಿದೆ. ಒಂದು ತಿಂಗಳ ಮಾತು ಎಂದುಕೊಂಡಿದ್ದೆ.

ಗುರುಮಲ್ಲಪ್ಪನವರು ಇಲ್ಲೇ ಕುಳಿತು ನಗುತ್ತಿದ್ದಾರೆ. ನಾನು ಗಂಟುಗಳನ್ನು ತಂದು ತೋರಿಸಿದ ದಿನ ನಗಲಿಲ್ಲ. "ಶಿವನಂಜಯ್ಯ, ಮೇಲಿನವರಿಗೆ ನಾನು ಏನಂತ ರಿಪೋರ್ಟ್ ಬರೀಲಿ? ಸರ್ಕಾರ ಕಳಿಸಿದ ಪುಡಿ ಬಿಟ್ಟು ಸತ್ತ ಹುಳ ಎರಚ್ತಾ ಇದೀವಿ ಅಂತ ಬರೀಲಾ?" ಎಂದರು. ಕುರ್ಚಿಯಿಂದ ಎದ್ದು ಹೋಗಿ ಮೂಟೆಗಳನ್ನು ನೋಡಿ ಬಂದರು. ಬಂದು, "ಮಾನೌಮಿ ಹಬ್ಬದವರೆಗೆ ಟೈಮ್ ಕೊಡ್ತೀನಿ. ಪುಡಿ ಎರಚೋ ಯಂತ್ರ ಕೆಟ್ಟಿದೆ ಅಂತ ಬರೀತೀನಿ" ಎಂದರು. ಯಂತ್ರ ಕೆಟ್ಟಿರಲಿಲ್ಲ. ಈಗ ಅವರಿಗೂ ನಿವೃತ್ತಿಯಾಗಿದೆ, ನನಗೂ ಆಗಿದೆ, ಆದ್ದರಿಂದ ಹೇಳುತ್ತಿದ್ದೇನೆ.

ನಾನು, ಚಿಕ್ಕಮಾದಯ್ಯ, ನಾಲ್ಕು ಜನ ಕೂಲಿಯವರು. ಮಳೆ ಬಂದ ಮಾರನೆಯ ದಿನ ಬೆಳಕು ಹರಿಯುವಾಗಲೇ ಗಂಟು ಹಿಡಿದು ಕೊಂಬೆ ಕೊಂಬೆಗೆ ಬಡಿಯುತ್ತ ಹೋದೆವು. ಬಿಳಿ ಹೊಗೆಯಂತೆ ಹಿಟ್ಟು ಏಳುತ್ತಿತ್ತು. ಬುಟ್ಟಿಯಲ್ಲಿ ಮುಚ್ಚಿಟ್ಟ ಹುಳುಗಳನ್ನು ಮರಕ್ಕೆ ಬಿಟ್ಟೆವು. ಹತ್ತು ದಿನ ಏನೂ ಇಲ್ಲ. ಕೂಲಿಯವರು ನನ್ನ ಬೆನ್ನ ಹಿಂದೆ ನಕ್ಕರು. ಹನ್ನೊಂದನೆಯ ದಿನ ಚಿಕ್ಕಮಾದಯ್ಯ ಮರದ ಮೇಲಿನಿಂದ ಕೂಗದೆ, ಇಳಿದು ಬಂದು, ಮೆಲ್ಲಗೆ ನನ್ನ ಅಂಗೈಯಲ್ಲಿ ಒಂದು ಹುಳು ಇಟ್ಟ. "ಬೆಳ್ಳಗಾಗ್ಬುಟ್ಟದೆ ಸಾ."

ಮಾನೌಮಿಯ ಹೊತ್ತಿಗೆ ತೋಪಿನ ಕೆಳಭಾಗ, ನಡುಭಾಗದ ಕಡ್ಡಿಗಳೆಲ್ಲ ಸುಣ್ಣ ಬಳಿದಂತೆ ಕಾಣುತ್ತಿದ್ದವು. ಆದರೆ ನಾನು ಸುಳ್ಳು ಹೇಳಬಾರದು. ಮೇಲಿನ ದಿಬ್ಬದಲ್ಲಿ, ಬಿಸಿಲು ಗಾಳಿಯ ಕಡೆ, ನಮ್ಮ ಆಟ ನಡೆಯಲಿಲ್ಲ. ಅಲ್ಲಿ ಮೂರರಲ್ಲಿ ಒಂದು ಪಾಲು ಮರ ಒಣಗಿಹೋಯಿತು. ಮಾರನೆಯ ವರ್ಷ ಹುಳು ಮತ್ತೆ ಬಂತು, ಕಡಿಮೆ ಬಂತು. ಮತ್ತೆ ಮಾಡಿದೆವು. ಮೂರನೆಯ ವರ್ಷ ಹುಡುಕಿದರೆ ಅಲ್ಲೊಂದು ಇಲ್ಲೊಂದು. ಆ ವೇಳೆಗೆ ಹಕ್ಕಿಗಳೂ ಅದನ್ನು ತಿನ್ನಲು ಕಲಿತಿದ್ದವು ಎಂದು ಚಿಕ್ಕಮಾದಯ್ಯ ಹೇಳುತ್ತಾನೆ. ಇರಬಹುದು. ಎಲ್ಲವೂ ಬೂಷ್ಟಿನಿಂದಲೇ ಆಯಿತು ಎಂದು ಹೇಳುವಷ್ಟು ಓದಿದವನು ನಾನಲ್ಲ. ಪುಡಿಯ ಮೂಟೆಗಳು ಮಾತ್ರ ಬಿಚ್ಚಲಿಲ್ಲ.

ಒಂದು ತಿಂಗಳ ಮಾತು ಎಂದುಕೊಂಡದ್ದು ಹೀಗೆ ಮೂರು ವರ್ಷವಾಯಿತು. ಬುಟ್ಟಿಗಳಲ್ಲಿ ಆ ಬೂಷ್ಟನ್ನು ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ಕಾಪಾಡಬೇಕಿತ್ತು. ಅದು ನನ್ನ ಬಟ್ಟೆಯಲ್ಲಿ, ನನ್ನ ಕೂದಲಿನಲ್ಲಿ, ನನ್ನ ಹಾಸಿಗೆಯಲ್ಲಿ. ಮೂರು ವರ್ಷ ನಾನು ಅಕ್ಕನ ಹೊಸಿಲು ದಾಟಲಿಲ್ಲ. ಮಧುವನಹಳ್ಳಿಯ ಹೊರಗೆ, ಹನೂರು ರಸ್ತೆಯ ಪಕ್ಕದಲ್ಲಿ ಒಂದು ಹೊಂಗೆಮರವಿದೆ. ಭಾನುವಾರ ಭಾನುವಾರ ನಾನು ಅದರ ಕೆಳಗೆ ಬಂದು ಕೂರುತ್ತಿದ್ದೆ. ಅಕ್ಕ ಮುದ್ದೆ, ಅವರೆಕಾಳಿನ ಸಾರು ತಂದು ಹತ್ತು ಮಾರು ದೂರದ ಕಲ್ಲಿನ ಮೇಲೆ ಇಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ನಾನು ಎಲೆಯಲ್ಲಿ ಉಣ್ಣುತ್ತಿದ್ದೆ, ಅವಳು ಗದ್ದೆಯ ಬದುವಿನ ಮೇಲೆ ಕುಳಿತು ಮಾತಾಡುತ್ತಿದ್ದಳು. ಅಕ್ಕ ತಮ್ಮ ಜಗಳವಾಡಿದ್ದಾರೆ ಎಂದು ಊರೆಲ್ಲ ಆಡಿಕೊಂಡಿತು.

ನಿಜ ಹೇಳಲೇ? ಮನೆಯೊಳಗೆ ಇದ್ದಾಗ ನಾವು ಅಷ್ಟು ಮಾತಾಡಿದ್ದೇ ಇಲ್ಲ. ಮನೆಯಲ್ಲಿ ಅವಳಿಗೆ ಹುಳುವಿನ ಕೆಲಸ, ನನಗೆ ನಿದ್ದೆ. ಹೊಂಗೆಮರದ ಕೆಳಗೆ ಅವ್ವ ಹೇಗಿದ್ದಳು ಎಂದು ಮೊದಲ ಸಲ ಕೇಳಿದೆ. ಅವ್ವನಿಗೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತಂತೆ. ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಅದು ತಿಳಿಯಿತು. ಆ ಭಾನುವಾರಗಳು ಈಗಲೂ ನನ್ನ ಕಣ್ಣ ಮುಂದೆ ಇವೆ. ಸಂಜೆಯ ಬಿಸಿಲು, ಹೊಂಗೆಯ ಹೂವು ಉದುರುವುದು, ಹತ್ತು ಮಾರು ದೂರದಲ್ಲಿ ಅಕ್ಕ ಸೆರಗಿನಿಂದ ಗಾಳಿ ಬೀಸಿಕೊಳ್ಳುವುದು. ಯಾರಾದರೂ ಆ ದಿನಗಳನ್ನು ಹಿಂದಕ್ಕೆ ಕೊಡುತ್ತೇನೆ ಎಂದರೆ ಈ ಪೆನ್ಷನ್ನನ್ನು ಬಿಟ್ಟುಕೊಟ್ಟೇನು.

ಕಷ್ಟವಾದದ್ದು ಒಂದು ದಿನ. ಅರವತ್ತೆರಡರ ಕಾರ್ತಿಕದಲ್ಲಿ ಮಹಾಲಕ್ಷ್ಮಿಯ ಮದುವೆ ಮನೆಯ ಮುಂದಿನ ಚಪ್ಪರದಲ್ಲಿ ಆಯಿತು. ಒಂದು ವರ್ಷ ತಡವಾಗಿ. ಸೋದರಮಾವ ನಾನೊಬ್ಬನೇ. ಹುಡುಗಿಯನ್ನು ಹಸೆಗೆ ಕರೆತರಬೇಕಾದವನು ನಾನು. ಬೀದಿಯ ಎಲ್ಲ ಮನೆಗಳಲ್ಲೂ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ನನ್ನ ಜಾಗದಲ್ಲಿ ಚಿಕ್ಕಪ್ಪನ ಮಗ ನಿಂತ. ನಾನು ಹೊಂಗೆಮರದ ಕೆಳಗೆ ಕುಳಿತು ವಾಲಗ ಕೇಳಿದೆ. ವಾಲಗ ಜೋರಾದಾಗ ಧಾರೆಯಾಯಿತು ಎಂದು ತಿಳಿದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ, ಗಂಡನ ಜೊತೆ, ಬಾಸಿಂಗವನ್ನೂ ಬಿಚ್ಚದೆ ರಸ್ತೆಗೆ ಬಂದಳು. ದೂರದಲ್ಲೇ ನಿಂತು ನೆಲ ಮುಟ್ಟಿ ನಮಸ್ಕಾರ ಮಾಡಿದಳು. "ಮಾವ, ಅಲ್ಲಿಂದ್ಲೇ ಕೈಯೆತ್ತು, ಸಾಕು" ಎಂದಳು. ಎತ್ತಿದೆ. ನನ್ನ ಹತ್ತಿರ ಅಕ್ಷತೆಯೂ ಇರಲಿಲ್ಲ.

ಆ ದಿನ ನನಗೆ ಅನ್ನಿಸಿತು, ಇದು ಎಚ್ಚರಿಕೆಯಲ್ಲ, ಶಿಕ್ಷೆ. ನಾನು ಕೈ ತೊಳೆಯದ್ದು ಅಕ್ಕನಿಗೆ ಗೊತ್ತಿದೆ, ಹೇಳುತ್ತಿಲ್ಲ, ಶಿಕ್ಷಿಸುತ್ತಿದ್ದಾಳೆ ಎಂದು. ಅರವತ್ತನಾಲ್ಕರಲ್ಲಿ ಹೊಸ ಪಂಚೆ, ಹೊಸ ಅಂಗಿ ಕಳಿಸಿ ಒಳಗೆ ಕರೆದಳು, ಹೋದೆ. ಅದೇ ಒಲೆ, ಅದೇ ಗೂಟ. ಆದರೆ ಆ ಅನುಮಾನ ನನ್ನ ಜೊತೆಯಲ್ಲೇ ಒಳಗೆ ಬಂತು. ಅರವತ್ತೊಂದರಿಂದ ಹದಿಮೂರು ವರ್ಷ ನಾನು ಆ ಮಾತನ್ನು ಎತ್ತಲಿಲ್ಲ.

ಇಷ್ಟು ಜನರ ಮುಂದೆ ಹೇಳುವುದಕ್ಕೆ ಮೊದಲು ಅವಳಿಗೆ ಹೇಳಬೇಡವೇ? ನೆನ್ನೆ ಸಂಜೆ ಹೋಗಿದ್ದೆ. ಅಕ್ಕ ಸೊಪ್ಪು ಹೆಚ್ಚುತ್ತಿದ್ದಳು. "ಅಕ್ಕ, ಆವತ್ತು ನಾನು ಕೈಕಾಲು ತೊಳೆದಿರಲಿಲ್ಲ" ಎಂದೆ.

ಕೈ ನಿಲ್ಲಿಸಲಿಲ್ಲ. "ಗೊತ್ತು ಕಣ್ಲಾ. ನೀನು ಹೋದ್ಮೇಲೆ ನೋಡ್ದೆ, ಬಾಗ್ಲಲ್ಲಿ ಮಡಗಿದ್ದ ಚೊಂಬ್ನೀರು ತುಂಬ್ದಂಗೇ ಇತ್ತು."

"ಮತ್ತೆ ಯಾಕೆ ಕೇಳ್ನಿಲ್ಲ?"

"ಕೇಳುದ್ರೆ ನೀನು ನಾಚ್ಕಂಡು ಬರೋದ್ನೇ ಬುಟ್ಬುಡ್ತಿದ್ದೆ. ಹುಳ ಇನ್ನೊಂದು ಬೆಳೆ ಬೆಳೀತವೆ. ತಮ್ಮನ್ನ ಎಲ್ಲಿಂದ ತರ್ಲಿ?"

ಇನ್ನೊಂದು ಹಿಡಿ ಸೊಪ್ಪು ತೆಗೆದುಕೊಂಡು, "ಬೀದಿಗೆ ಬರ್ಬೇಡ ಅಂದಿದ್ದು ಹುಳಕ್ಕೆ ಹತ್ತೀತು ಅಂತ ಹೆದ್ರಿ ಕಣ್ಲಾ, ನಿನ್ ಮೇಲಿನ ಕ್ವಾಪ್ಕಲ್ಲ. ಲಕ್ಷ್ಮಿ ಮದುವೇಲಿ ನೀನಿಲ್ಲ ಅಂತ ನಾನೂ ಉಣ್ನಿಲ್ಲ" ಎಂದಳು.

ಸಭಿಕರೇ, ಮಾನಪತ್ರದ ಆ ವಾಕ್ಯವನ್ನು ಹೀಗೆ ತಿದ್ದಿಕೊಳ್ಳಿ ಎಂದು ಕೇಳುತ್ತೇನೆ. ಕಾಡಿಗೆ ಹುಳು ಬಂತು. ಮದ್ದು ಕಾಡಿನಲ್ಲೇ ಇತ್ತು. ಅದರ ಗುಣ ಬಲ್ಲವಳು, ತನ್ನ ಮನೆ ಹಾಳಾದ ಹೊತ್ತಿನಲ್ಲೇ ಅದನ್ನು ಗಂಟು ಕಟ್ಟಿ ಕೊಟ್ಟವಳು ಮಧುವನಹಳ್ಳಿಯ ಪುಟ್ಟಮಾದಮ್ಮ. ಹೊತ್ತುಕೊಂಡು ಹೋದವನು ಮಾತ್ರ ನಾನು.

ಅವಳು ಯಾಕೆ ಬಂದಿಲ್ಲ ಎಂದು ಹೇಳುತ್ತೇನೆ ಎಂದಿದ್ದೆ. ಕರೆದೆ. "ಹುಳ ನಾಕನೇ ಜ್ವರ ಎದ್ದವೆ, ಬುಟ್ಟು ಬರಕಾಯ್ತದಾ? ನೀನೂ ಭಾಷ್ಣ ಮುಗುಸ್ಕಂಡು ಜಲ್ದಿ ಬಾ. ಪೆನ್ಷನ್ ಆಯ್ತಲ್ಲ, ಇನ್ನೇನು ಕೆಲ್ಸ ನಿಂಗೆ? ಬೆಳಿಗ್ಗೆಯಿಂದ ಸೊಪ್ಪು ಕುಯ್ಯಿ" ಎಂದಳು. ಐವತ್ತೈದನೆಯ ವಯಸ್ಸಿನಲ್ಲಿ ನನಗೆ ಹೊಸ ಕೆಲಸ ಸಿಕ್ಕಿದೆ. ಮೇಲಧಿಕಾರಿ ಬಹಳ ಬಿಗಿ.

ಅಧ್ಯಕ್ಷರು ಅಂಗಿ ಎಳೆಯದೆ ಇಷ್ಟು ಹೊತ್ತು ಸಹಿಸಿದರು. ಅವರಿಗೆ, ಗುರುಮಲ್ಲಪ್ಪನವರಿಗೆ, ನನ್ನ ಜೊತೆ ಮಳೆಯಲ್ಲಿ ನೆನೆದ ಚಿಕ್ಕಮಾದಯ್ಯನಿಗೆ, ನಿಮ್ಮೆಲ್ಲರಿಗೆ ನಾನು ಋಣಿ. ಊಟಕ್ಕೆ ನಿಲ್ಲಲಾರೆ, ಕ್ಷಮಿಸಬೇಕು. ಶಾಲು ಹತ್ತಿಯದು, ಒಗೆಯಬಹುದು, ಒಯ್ಯುತ್ತೇನೆ. ಈ ಮಲ್ಲಿಗೆಯ ಹಾರವನ್ನು ಮಾತ್ರ ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೇನೆ. ಯಾರೂ ತಪ್ಪು ತಿಳಿಯಬೇಡಿ, ಇಷ್ಟು ಗಾಢ ವಾಸನೆ ಅಕ್ಕನ ಹುಳುವಿಗೆ ಆಗುವುದಿಲ್ಲ.

ಎಲ್ಲರಿಗೂ ನಮಸ್ಕಾರ.